ಗೆರೆ ನೇರ ಬಂತು, ಕೆ ಮಾತ್ರ ಅರ್ಧ! ಈಥೈಲ್ ಅಸಿಟೇಟ್ ಸಪಾನಿಫಿಕೇಶನ್ ಲೆಕ್ಕದಲ್ಲಿ ತಪ್ಪೆಲ್ಲಿ?

#1 · ಅರೆಬೆಂದ_ಎಸ್ಟರ್

ಬ್ಯಾಚ್ ರಿಯಾಕ್ಟರ್‌ನಲ್ಲಿ ಈಥೈಲ್ ಅಸಿಟೇಟ್ ಎಂಬ ಎಸ್ಟರ್ ಮತ್ತು ಕಾಸ್ಟಿಕ್ ಸೋಡಾ ಕ್ರಿಯೆ, ಅಂದರೆ ಸಪಾನಿಫಿಕೇಶನ್: ಕಾಸ್ಟಿಕ್ ಎಸ್ಟರನ್ನು ಒಡೆದು ಅಸಿಟೇಟ್ ಮತ್ತು ಆಲ್ಕೋಹಾಲ್ ಮಾಡುತ್ತದೆ. ಎರಡೂ 0.1 ಮೋಲಾರ್, ತಲಾ 500 ಮಿ.ಲೀ. ಬೆರೆಸಿದ್ದು. ಹಾಗಾಗಿ ಬೆರೆತ ಮೇಲೆ ಎರಡೂ 0.05. ಉಷ್ಣತೆ 28 ಡಿಗ್ರಿ. ಪ್ರತಿ ಸಲ 10 ಮಿ.ಲೀ. ಸ್ಯಾಂಪಲ್ ತೆಗೆದು 10 ಮಿ.ಲೀ. 0.05 ನಾರ್ಮಲ್ ಎಚ್‌ಸಿಎಲ್‌ಗೆ ಬಿಟ್ಟು, ಉಳಿದ ಆಸಿಡ್ಡನ್ನು 0.025 ನಾರ್ಮಲ್ ಕಾಸ್ಟಿಕ್‌ನಿಂದ ಟೈಟ್ರೇಟ್ ಮಾಡಿದ್ದು. ಸೂಚಕ ಫಿನಾಲ್ಫ್ತಲೀನ್.

ಬ್ಯೂರೆಟ್ ರೀಡಿಂಗ್:
2 ನಿಮಿಷ – 8.2 ಮಿ.ಲೀ.
5 ನಿಮಿಷ – 12.4
10 ನಿಮಿಷ – 15.0
15 ನಿಮಿಷ – 16.0
20 ನಿಮಿಷ – 16.6
30 ನಿಮಿಷ – 17.3

ಇದರಿಂದ ಸ್ಯಾಂಪಲ್‌ನಲ್ಲಿದ್ದ ಕಾಸ್ಟಿಕ್ ಸಾಂದ್ರತೆ ಕ್ರಮವಾಗಿ 0.0295, 0.0190, 0.0125, 0.0100, 0.0085, 0.00675. ಸೆಕೆಂಡ್ ಆರ್ಡರ್ (ವೇಗ ಎರಡೂ ಸಾಂದ್ರತೆಗಳ ಗುಣಲಬ್ಧಕ್ಕೆ ತಕ್ಕಂತೆ) ಎಂದು 1/ಸಾಂದ್ರತೆಯನ್ನು ಸಮಯದ ಎದುರು ಎಳೆದರೆ ಎಕ್ಸೆಲ್ ಕೊಡುವ ಸ್ಲೋಪ್ (ಗೆರೆಯ ಓರೆ) 4.04, ಆರ್-ಸ್ಕ್ವೇರ್ (ಗೆರೆ ಎಷ್ಟು ಹೊಂದಿದೆ ಎಂಬ ಅಳತೆ, ಪೂರ್ತಿ ಹೊಂದಿದರೆ 1) 0.979. ಅಂದರೆ ಕೆ (ಕ್ರಿಯೆಯ ವೇಗದ ಸ್ಥಿರಾಂಕ) = 4.04 ಲೀ/ಮೋಲ್·ನಿಮಿಷ. ಈ ಉಷ್ಣತೆಗೆ 8ರ ಆಸುಪಾಸು ಬರಬೇಕು. ಗೆರೆ ಇಷ್ಟು ಚೆನ್ನಾಗಿ ಕೂತ ಮೇಲೂ ಕೆ ಅರ್ಧ ಬರುವುದು ಹೇಗೆ?

#2 · ಇಂಟರ್ಸೆಪ್ಟ್_ನೋಡಿ

ಗೆರೆ ಚೆನ್ನಾಗಿ ಕೂತಿಲ್ಲ. ಆರ್-ಸ್ಕ್ವೇರ್ 0.979 ನೋಡಿ ಹಾಗನಿಸಿದೆ, ಅಷ್ಟೇ. ಹೀಗೆ ಸ್ವಲ್ಪ ಬಾಗಿ ಏರುತ್ತಾ ಹೋಗುವ ಬಿಂದುಗಳಿಗೂ ಎಕ್ಸೆಲ್ ಎಷ್ಟೋ ಸಲ 0.95ರ ಮೇಲೆ ಹೇಳಿಬಿಡುತ್ತದೆ. ಅದನ್ನು ಬಿಟ್ಟು ಎರಡು ಕಡೆ ನೋಡಿ.

ಮೊದಲನೆಯದು ಇಂಟರ್ಸೆಪ್ಟ್, ಅಂದರೆ ಸಮಯ ಸೊನ್ನೆಯಲ್ಲಿ ಗೆರೆಯ ಬೆಲೆ. ಸಮೀಕರಣ 1/ಎ = 1/ಎ₀ + ಕೆ×ಟಿ. (ಇಲ್ಲಿಂದ ಮುಂದೆ ಎ ಅಂದರೆ ಕಾಸ್ಟಿಕ್ ಸಾಂದ್ರತೆ, ಬಿ ಅಂದರೆ ಎಸ್ಟರ್ ಸಾಂದ್ರತೆ, ಟಿ ಅಂದರೆ ನಿಮಿಷಗಳಲ್ಲಿ ಸಮಯ, ಸೊನ್ನೆ ಹಾಕಿದ್ದು ಆರಂಭದ್ದು.) ಎ₀ 0.05 ಆದರೆ ಗೆರೆ 20ರಿಂದ ಹೊರಡಬೇಕು. ನಿಮ್ಮ ಅಂಕಿಗಳಿಗೆ ಅದು 33.5 ಬರುತ್ತದೆ. 33.5 ಅಂದರೆ ಆರಂಭದ ಸಾಂದ್ರತೆ 0.03 ಎಂದು ಆ ಗೆರೆ ಸಾಕ್ಷಿ ಹೇಳುತ್ತಿದೆ. ನೀವು ಹಾಕಿದ್ದು 0.05. ಇಬ್ಬರಲ್ಲಿ ಒಬ್ಬರದು ಸುಳ್ಳು.

ಎರಡನೆಯದು, ಅಕ್ಕಪಕ್ಕದ ಬಿಂದುಗಳ ನಡುವಿನ ಸ್ಲೋಪ್. 2ರಿಂದ 5 ನಿಮಿಷದ ನಡುವೆ 6.2. 5ರಿಂದ 10ಕ್ಕೆ 5.5. ಆಮೇಲೆ 4.0, 3.5, 3.0. ಒಂದೇ ದಿಕ್ಕಿನಲ್ಲಿ ಇಳಿಯುತ್ತಾ ಹೋಗಿದೆ. ಅಳತೆಯ ತಪ್ಪಾಗಿದ್ದರೆ ಮೇಲೆ ಕೆಳಗೆ ಕುಣಿಯುತ್ತಿತ್ತು. ಹೀಗೆ ಒಂದೇ ಕಡೆ ಬಾಗುವುದು ಸಮೀಕರಣವೇ ಈ ಮಿಶ್ರಣಕ್ಕೆ ಹೊಂದುತ್ತಿಲ್ಲ ಎಂಬುದರ ಗುರುತು.

ನಂಬಿಕೆ ಬರದಿದ್ದರೆ ಹಿಂದಕ್ಕೆ ಲೆಕ್ಕ ಹಾಕಿ. ಎ₀ 0.05, ಕೆ 4.04 ಎಂದಾದರೆ 2 ನಿಮಿಷಕ್ಕೆ ಬ್ಯೂರೆಟ್ 5.8 ಮಿ.ಲೀ. ತೋರಿಸಬೇಕಿತ್ತು. ನೀವು ಓದಿದ್ದು 8.2. ಬ್ಯೂರೆಟ್ ಓದುವುದರಲ್ಲಿ 2.4 ಮಿ.ಲೀ. ತಪ್ಪು ಯಾರೂ ಮಾಡುವುದಿಲ್ಲ.

#3 · ಕುಂಟು_ಬೀಕರ್

ಕ್ರಿಯೆ ಹಿಂದಕ್ಕೂ ಹೋಗುತ್ತಿರಬಹುದಲ್ಲವೇ? ರಿವರ್ಸಿಬಲ್ ಆದರೆ ಕೊನೆಗೆ ಸ್ಲೋಪ್ ಇಳಿಯುತ್ತದೆ.

#4 · ಲ್ಯಾಬ್_ಮೇಷ್ಟ್ರು

ಇಲ್ಲ. ಆಸಿಡ್ ಹಾಕಿ ಎಸ್ಟರ್ ಒಡೆದರೆ ಹಿಂದಕ್ಕೆ ಹೋಗುತ್ತದೆ. ಕಾಸ್ಟಿಕ್‌ನಲ್ಲಿ ಸಿಗುವುದು ಅಸಿಟೇಟ್ ಅಯಾನು. ಆಲ್ಕೋಹಾಲ್ ಹೋಗಿ ಅದರ ಮೇಲೆ ಎರಗುವುದಿಲ್ಲ. ಈ ಪ್ರಯೋಗದ ಮಟ್ಟಿಗೆ ಒಮ್ಮುಖ ಎಂದೇ ಇಟ್ಟುಕೊಳ್ಳಿ.

ನನ್ನ ಅನುಮಾನ ಎಸ್ಟರ್ ಮೇಲೆ. ಕಾಸ್ಟಿಕ್ ಮತ್ತು ಎಸ್ಟರ್ ಸಮ ಇದ್ದರೆ ಮಾತ್ರ 1/ಎ ಗೆರೆ ನೇರ ಬರುತ್ತದೆ. ಎಸ್ಟರ್ ಸ್ವಲ್ಪ ಕಡಿಮೆ ಇದ್ದರೆ, ಅದು ತೀರುತ್ತಾ ಬಂದ ಹಾಗೆ ಕಾಸ್ಟಿಕ್ ಒಬ್ಬಂಟಿಯಾಗಿ ಉಳಿಯುತ್ತದೆ, ಕ್ರಿಯೆ ನಿಧಾನವಾಗುತ್ತದೆ, ಗೆರೆ ಬಲಕ್ಕೆ ಮಲಗುತ್ತದೆ. ನಿಮ್ಮದು ಹಾಗೇ ಮಲಗಿದೆ.

ಎಸ್ಟರ್ ಕಡಿಮೆಯಾಗುವುದು ಬಹಳ ಸುಲಭ. 0.1 ಮೋಲಾರ್‌ಗೆ ಲೀಟರಿಗೆ 8.81 ಗ್ರಾಂ ಬೇಕು, ಅಂದರೆ ಸುಮಾರು 9.8 ಮಿ.ಲೀ. ಸಾಂದ್ರತೆ ನೀರಿನ ಹಾಗೆ 1 ಎಂದುಕೊಂಡು 8.8 ಮಿ.ಲೀ. ಅಳೆದರೆ ಅಲ್ಲೇ ಹತ್ತು ಶೇಕಡ ಹೋಯಿತು. ಕುದಿಬಿಂದು 77 ಡಿಗ್ರಿ, ತೆರೆದ ಬೀಕರ್‌ನಲ್ಲಿ ಇಟ್ಟರೆ ವಾಸನೆಯ ಜೊತೆಗೆ ಸಾಂದ್ರತೆಯೂ ಹೋಗುತ್ತದೆ. ವಾರದ ಹಿಂದೆ ಮಾಡಿಟ್ಟ ದ್ರಾವಣವಾದರೆ ಅದು ನೀರಿನಲ್ಲೇ ನಿಧಾನಕ್ಕೆ ಒಡೆದು ಅಸಿಟಿಕ್ ಆಸಿಡ್ ಕೂಡ ಆಗಿರುತ್ತದೆ. ಸರಿಯಾದ ದಾರಿ ಇದು: ಸ್ಟ್ಯಾಂಡರ್ಡ್ ಫ್ಲಾಸ್ಕಿನಲ್ಲಿ ಅರ್ಧ ನೀರು ತುಂಬಿ, ತಕ್ಕಡಿಯ ಮೇಲಿಟ್ಟು, ಎಸ್ಟರನ್ನು ನೇರವಾಗಿ ನೀರಿಗೆ ಬಿಟ್ಟು ತೂಗಿ, ಬಿರಡೆ ಹಾಕಿ ಅಲ್ಲಾಡಿಸಿ ಕರಗಿಸಿ, ಆಮೇಲೆ ಗುರುತಿನವರೆಗೆ ತುಂಬಿಸಿ. ಅದೇ ದಿನ ಬಳಸಿ.

ಕಾಸ್ಟಿಕ್ ಕೂಡ ನಂಬಿಕಸ್ಥ ಅಲ್ಲ. ಲೀಟರಿಗೆ 4 ಗ್ರಾಂ ಪೆಲೆಟ್ ತೂಗಿದೆ, ಆದ್ದರಿಂದ 0.1 ಎನ್ನುವ ಹಾಗಿಲ್ಲ. ತೂಗುತ್ತಿರುವಾಗಲೇ ಅದು ಗಾಳಿಯ ತೇವ, ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಹೀರುತ್ತದೆ. ಆಕ್ಸಾಲಿಕ್ ಆಸಿಡ್ 0.1 ನಾರ್ಮಲ್ (ಲೀಟರಿಗೆ 6.3 ಗ್ರಾಂ) ಮಾಡಿ ಸ್ಟ್ಯಾಂಡರ್ಡೈಸ್ ಮಾಡಲೇಬೇಕು.

ಈಗ ಒಂದೇ ಒಂದು ಪರೀಕ್ಷೆಯಿಂದ ಇದು ತೀರ್ಮಾನ ಆಗುತ್ತದೆ. ಮಿಶ್ರಣ ಮಿಕ್ಕಿದ್ದರೆ ಬಾಟಲಿಗೆ ಬಾಯಿವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ರಾತ್ರಿಯಿಡೀ ಇಟ್ಟು, ಬೆಳಗ್ಗೆ ಅದೇ ರೀತಿ 10 ಮಿ.ಲೀ. ಟೈಟ್ರೇಟ್ ಮಾಡಿ. ಇದು ಇನ್ಫಿನಿಟಿ ರೀಡಿಂಗ್. ಎರಡೂ ಸಮ ಇದ್ದರೆ ಕಾಸ್ಟಿಕ್ ಪೂರ್ತಿ ತೀರಿ 20.0 ಬರಬೇಕು. ಕಡಿಮೆ ಬಂದರೆ ಎಸ್ಟರ್ ಸಾಲದೆ ಹೋಗಿದೆ.

#5 · ಕುಂಟು_ಬೀಕರ್

ರಾತ್ರಿಯಿಡೀ ಯಾಕೆ ಮೇಷ್ಟ್ರೇ? ಎರಡು ಮೂರು ಗಂಟೆ ಸಾಲದೇ?

#6 · ಲ್ಯಾಬ್_ಮೇಷ್ಟ್ರು

ಎಸ್ಟರ್ ಕಡಿಮೆ ಇದ್ದರೆ ಮೂರು ಗಂಟೆ ಸಾಕು. ಆದರೆ ಎರಡೂ ಸಮ ಇದ್ದರೆ ಕ್ರಿಯೆ ಕೊನೆಯಲ್ಲಿ ತೆವಳುತ್ತದೆ: ಮೂರು ಗಂಟೆಗೂ ಇನ್ನೂ 1.4 ಶೇಕಡ ಕಾಸ್ಟಿಕ್ ಉಳಿದಿರುತ್ತದೆ, ಬ್ಯೂರೆಟ್‌ನಲ್ಲಿ ಅದು 0.3 ಮಿ.ಲೀ. ಅಷ್ಟಕ್ಕೇ ಇಲ್ಲದ ವ್ಯತ್ಯಾಸವನ್ನು ಇದೆ ಎಂದು ಓದುತ್ತೀರಿ. ಅವಸರವಿದ್ದರೆ ಮುಚ್ಚಿದ ಬಾಟಲಿಯನ್ನು 50 ಡಿಗ್ರಿ ನೀರಿನಲ್ಲಿ ಇಡಿ. ಬಾಯಿ ತೆರೆದಿಟ್ಟರೆ ಎಸ್ಟರ್ ಹೊರಗೆ, ಕಾರ್ಬನ್ ಡೈಆಕ್ಸೈಡ್ ಒಳಗೆ.

#7 · ಅರೆಬೆಂದ_ಎಸ್ಟರ್

ಇನ್ಫಿನಿಟಿ ರೀಡಿಂಗ್ 18.0 ಮಿ.ಲೀ. ಬಂತು. ಎರಡು ಸಲ ನೋಡಿದ್ದು, ಎರಡೂ ಸಲ ಅಷ್ಟೇ. ಕಾಸ್ಟಿಕ್ ಸ್ಟ್ಯಾಂಡರ್ಡೈಸ್ ಆಗಿತ್ತು, ಅದು 0.1 ಸರಿ ಇದೆ. ಎಸ್ಟರ್ ಅಳತೆ ಮಾಡಿದ್ದು ಮೆಷರಿಂಗ್ ಸಿಲಿಂಡರ್‌ನಲ್ಲಿ.

#8 · ಇಂಟರ್ಸೆಪ್ಟ್_ನೋಡಿ

ಸಿಕ್ಕಿಬಿತ್ತು. 20ಕ್ಕೆ 2 ಮಿ.ಲೀ. ಕಡಿಮೆ, 2 × 0.025 = 0.05 ಮಿಲಿಮೋಲ್, 10 ಮಿ.ಲೀ. ಸ್ಯಾಂಪಲ್‌ನಲ್ಲಿ. ಹಾಗಾದರೆ ಕೊನೆಗೆ ಉಳಿದ ಕಾಸ್ಟಿಕ್ 0.005 ಮೋಲಾರ್. ಎ₀ 0.05 ಇದ್ದರೆ ಬಿ₀ 0.045. ನಿಮ್ಮ ಎಸ್ಟರ್ ಬಾಟಲಿಯಲ್ಲಿದ್ದದ್ದು 0.1 ಅಲ್ಲ, 0.09.

ಈಗ ಅಸಮ ಸಾಂದ್ರತೆಯ ಸಮೀಕರಣ ಹಿಡಿಯಿರಿ (ಎಲ್‌ಎನ್ ಅಂದರೆ ನ್ಯಾಚುರಲ್ ಲಾಗ್):

ಎಲ್‌ಎನ್(ಎ/ಬಿ) = ಎಲ್‌ಎನ್(ಎ₀/ಬಿ₀) + (ಎ₀ − ಬಿ₀)×ಕೆ×ಟಿ

ಒಂದು ಮೋಲ್ ಕಾಸ್ಟಿಕ್‌ಗೆ ಒಂದು ಮೋಲ್ ಎಸ್ಟರ್ ಹೋಗುವುದರಿಂದ ಎ − ಬಿ ಎಲ್ಲ ಹೊತ್ತಿನಲ್ಲೂ 0.005. ಆದ್ದರಿಂದ ಪ್ರತಿ ಬಿಂದುವಿನಲ್ಲಿ ಬಿ = ಎ − 0.005: 0.0245, 0.0140, 0.0075, 0.0050, 0.0035, 0.00175. ಎ/ಬಿಯ ಎಲ್‌ಎನ್ ಕ್ರಮವಾಗಿ 0.186, 0.305, 0.511, 0.693, 0.887, 1.350. ಇದನ್ನು ಸಮಯದ ಎದುರು ಎಳೆದರೆ ಸ್ಲೋಪ್ 0.0411. ಅದನ್ನು 0.005ರಿಂದ ಭಾಗಿಸಿ: ಕೆ = 8.2. ಕೊನೆಯ ಬಿಂದು ಬಿಟ್ಟರೆ ಸ್ಲೋಪ್ 0.0389, ಕೆ = 7.8. ಇಂಟರ್ಸೆಪ್ಟ್ ಎಲ್‌ಎನ್(0.05/0.045) = 0.105 ಇರಬೇಕು. ಆರೂ ಬಿಂದು ಹಾಕಿದರೆ 0.094, ಐದು ಹಾಕಿದರೆ 0.112. ಈ ಸಲ ಸಾಕ್ಷಿ ಮತ್ತು ದಾಖಲೆ ಒಂದೇ ಮಾತು ಹೇಳುತ್ತಿವೆ.

ಎಚ್ಚರಿಕೆ ಒಂದಿದೆ. ಇಲ್ಲಿ ಕೆ ಸಿಗುವುದು 0.005 ಎಂಬ ಸಣ್ಣ ಸಂಖ್ಯೆಯಿಂದ ಭಾಗಿಸಿ. ಇನ್ಫಿನಿಟಿ ರೀಡಿಂಗ್‌ನಲ್ಲಿ 0.1 ಮಿ.ಲೀ. ತಪ್ಪಿದರೆ ಆ 0.005ರಲ್ಲೇ 5 ಶೇಕಡ ತಪ್ಪು. ಹಾಗಾಗಿ ಆ ರೀಡಿಂಗ್ ಎರಡು ಸಲ ನೋಡಿದ್ದು ಒಳ್ಳೆಯದೇ ಆಯಿತು.

#9 · ಸಾಲ್ವರ್_ಸುಬ್ಬಿ

ಇಷ್ಟೆಲ್ಲ ಎಲ್‌ಎನ್ ಸರ್ಕಸ್ ಯಾಕೆ? ನೀವು ಅಳೆದದ್ದು ಬ್ಯೂರೆಟ್ ರೀಡಿಂಗ್. ತಪ್ಪು ಇರುವುದೂ ಅದರಲ್ಲೇ. ಹಾಗಿದ್ದ ಮೇಲೆ ಬ್ಯೂರೆಟ್ ರೀಡಿಂಗನ್ನೇ ಫಿಟ್ ಮಾಡಿ. 1/ಎ ಮಾಡಿದ ಕೂಡಲೇ ಕೊನೆಯ ಬಿಂದುಗಳ ಸಣ್ಣ ತಪ್ಪು ದೈತ್ಯವಾಗುತ್ತದೆ.

ಅಂಕಿಯಲ್ಲೇ ನೋಡಿ. ಬ್ಯೂರೆಟ್‌ನಲ್ಲಿ 0.1 ಮಿ.ಲೀ. ಅಂದರೆ ಎ ಬೆಲೆಯಲ್ಲಿ 0.00025. ಎರಡನೇ ನಿಮಿಷದ ಬಿಂದುವಿಗೆ ಇದು ಒಂದು ಶೇಕಡಕ್ಕೂ ಕಡಿಮೆ, 1/ಎ ಕದಲುವುದು 0.3 ಅಷ್ಟೇ. ಮೂವತ್ತನೇ ನಿಮಿಷದಲ್ಲಿ ಅದೇ 0.1 ಮಿ.ಲೀ.ಗೆ 1/ಎ ಐದಾರು ಘಟಕ ಕದಲುತ್ತದೆ. ಆದರೆ ಎಕ್ಸೆಲ್‌ನ ಟ್ರೆಂಡ್‌ಲೈನ್ ಎರಡೂ ಬಿಂದುಗಳನ್ನು ಸಮಾನವಾಗಿ ನಂಬುತ್ತದೆ. ಅದೂ ಸಾಲದೆಂದು ಮೂವತ್ತನೇ ನಿಮಿಷ ಗೆರೆಯ ತುದಿಯಲ್ಲಿ ಕೂತಿರುವುದರಿಂದ ಸನ್ನೆಕೋಲಿನ ಹಾಗೆ ಸ್ಲೋಪನ್ನು ತನ್ನ ಕಡೆಗೆ ಎಳೆಯುತ್ತದೆ. ಗೆರೆಯನ್ನೇ ಎಳೆಯಬೇಕೆಂದಿದ್ದರೆ ಪ್ರತಿ ಬಿಂದುವಿಗೂ ಎಯ ನಾಲ್ಕನೇ ಘಾತದಷ್ಟು ತೂಕ ಕೊಡಬೇಕು.

ಎಕ್ಸೆಲ್‌ನಲ್ಲಿ ಹೀಗೆ ಮಾಡಿ. ಮೇಲೆ ಎರಡು ಕೋಶ ಬಿಡಿ, ಒಂದು ಕೆ, ಇನ್ನೊಂದು ಬಿ₀. ಕೆಳಗೆ ಕಾಲಂಗಳು: ಸಮಯ, ಓದಿದ ಬ್ಯೂರೆಟ್ ರೀಡಿಂಗ್, ಲೆಕ್ಕದ ಎ, ಲೆಕ್ಕದ ಬ್ಯೂರೆಟ್ ರೀಡಿಂಗ್, ವ್ಯತ್ಯಾಸದ ವರ್ಗ. ಲೆಕ್ಕದ ಎ ಸೂತ್ರ:

ಎ = ಡಿ / (1 − (ಬಿ₀/ಎ₀) × ಎಕ್ಸ್‌ಪ್(−ಡಿ×ಕೆ×ಟಿ)), ಇಲ್ಲಿ ಡಿ = ಎ₀ − ಬಿ₀

ಲೆಕ್ಕದ ರೀಡಿಂಗ್ = (0.5 − 10×ಎ)/0.025. ವರ್ಗಗಳ ಮೊತ್ತವನ್ನು ಸಾಲ್ವರ್‌ಗೆ (ಬೆಲೆಗಳನ್ನು ತಾನೇ ಬದಲಾಯಿಸಿ ಉತ್ತರ ಹುಡುಕುವ ಎಕ್ಸೆಲ್ ಸಾಧನ) ಕೊಟ್ಟು ಕನಿಷ್ಠ ಮಾಡಿ, ಕೆ ಮತ್ತು ಬಿ₀ ಬದಲಾಯಿಸಲು ಬಿಡಿ. ಎಡವುವುದು ಎರಡು ಕಡೆ. ಒಂದು, ಬಿ₀ ಶುರುವಿಗೆ 0.05 ಎಂದು ಹಾಕಿದರೆ ಡಿ ಸೊನ್ನೆಯಾಗಿ ಸೊನ್ನೆ ಭಾಗಿಸು ಸೊನ್ನೆ ಎಂದು ಹಾಳೆ ತುಂಬ ತಪ್ಪು ಸಂದೇಶ ಬರುತ್ತದೆ, ಆದ್ದರಿಂದ 0.048ರಿಂದ ಶುರು ಮಾಡಿ. ಇನ್ನೊಂದು, ಕೆ 8ರ ಗಾತ್ರ, ಬಿ₀ 0.04ರ ಗಾತ್ರ, ಈ ಅಂತರಕ್ಕೆ ಸಾಲ್ವರ್ ಮಧ್ಯದಲ್ಲೇ ನಿಂತುಬಿಡಬಹುದು. ಆಟೋಮ್ಯಾಟಿಕ್ ಸ್ಕೇಲಿಂಗ್ ಆಯ್ಕೆಗೆ ಟಿಕ್ ಹಾಕಿ.

ಕೆ 8, ಬಿ₀ 0.045 ಎಂದಿಟ್ಟರೆ ಲೆಕ್ಕದ ರೀಡಿಂಗ್‌ಗಳು 8.18, 12.40, 14.96, 16.05, 16.64, 17.26. ನೀವು ಓದಿದ್ದಕ್ಕೂ ಇದಕ್ಕೂ ಎಲ್ಲೂ 0.05ಕ್ಕಿಂತ ಹೆಚ್ಚು ವ್ಯತ್ಯಾಸ ಇಲ್ಲ. ವರ್ಗಗಳ ಮೊತ್ತ 0.008. ಎರಡೂ ಸಮ, ಕೆ 4.04 ಎಂದಿಟ್ಟರೆ ಅದೇ ಮೊತ್ತ 15. ಆರ್-ಸ್ಕ್ವೇರ್ ಮುಚ್ಚಿಟ್ಟದ್ದನ್ನು ಇದು ಬಾಯಿಬಿಟ್ಟು ಹೇಳುತ್ತದೆ.

#10 · ಇಂಟರ್ಸೆಪ್ಟ್_ನೋಡಿ

ಮೇಡಂ, ಕೊನೆಯ ಅಂಕಿ ಬೇಕಾದಾಗ ನಿಮ್ಮ ದಾರಿಯೇ ಸರಿ, ಒಪ್ಪಿದೆ. ಆದರೆ ಸಾಲ್ವರ್ ಯಾವ ಮಾದರಿ ಕೊಟ್ಟರೂ ಏನೋ ಒಂದು ಕೆ ಕೊಡುತ್ತದೆ. ಯಾವ ಮಾದರಿ ಕೊಡಬೇಕು ಎಂದು ಗೊತ್ತಾದದ್ದು ಗೆರೆ ಬಾಗಿದ್ದನ್ನು ಕಣ್ಣಲ್ಲಿ ನೋಡಿದ್ದರಿಂದ. ಮೊದಲು ಗೆರೆ, ಆಮೇಲೆ ಸಾಲ್ವರ್.

#11 · ಸಾಲ್ವರ್_ಸುಬ್ಬಿ

ಸರಿ ಸರ್. ವ್ಯತ್ಯಾಸಗಳನ್ನು ಸಮಯದ ಎದುರು ಎಳೆದರೆ ಅದೂ ಕಣ್ಣಿಗೆ ಕಾಣುತ್ತದೆ ಎಂದಷ್ಟೇ ಸೇರಿಸುತ್ತೇನೆ. ಸಮ ಎಂದಿಟ್ಟ ಮಾದರಿಗೆ ಆರೂ ವ್ಯತ್ಯಾಸ ಒಂದೇ ಚಿಹ್ನೆ.

#12 · ಕುಂಟು_ಬೀಕರ್

ನೇರವಾಗಿ ವೇಗವನ್ನೇ ಲೆಕ್ಕ ಹಾಕಿದರೆ? ಡಿಫರೆನ್ಷಿಯಲ್ ವಿಧಾನ. ಸಾಂದ್ರತೆಯ ಇಳಿಕೆಯನ್ನು ಸಮಯದಿಂದ ಭಾಗಿಸಿ, ನಡುವಿನ ಸಾಂದ್ರತೆಯ ವರ್ಗದಿಂದ ಭಾಗಿಸಿದರೆ ಕೆ. ಇಲ್ಲದಿದ್ದರೆ ಅರ್ಧಾಯುಷ್ಯ ನೋಡಿದರೆ ಆಯಿತು.

#13 · ಇಂಟರ್ಸೆಪ್ಟ್_ನೋಡಿ

ಎರಡಕ್ಕೂ ಅವುಗಳದೇ ಹೊಂಡ ಇದೆ.

ಎರಡೂ ಸಮ, ಕೆ 8 ಇರುವ ಶುದ್ಧ ಮಿಶ್ರಣ ತೆಗೆದುಕೊಳ್ಳಿ. 5ನೇ ನಿಮಿಷಕ್ಕೆ ಎ 0.01667, 10ಕ್ಕೆ 0.0100. ಇಳಿಕೆ 0.00667, 5 ನಿಮಿಷದಿಂದ ಭಾಗಿಸಿದರೆ 0.00133. ಸರಾಸರಿ ಸಾಂದ್ರತೆ 0.0133ರ ವರ್ಗದಿಂದ ಭಾಗಿಸಿದರೆ 7.5 ಬರುತ್ತದೆ, 8 ಅಲ್ಲ. ಅಳತೆಯಲ್ಲಿ ತಪ್ಪಿಲ್ಲದಿದ್ದರೂ 6 ಶೇಕಡ ಹೋಯಿತು, ಯಾಕೆಂದರೆ ವಕ್ರರೇಖೆಯನ್ನು ನೇರ ತುಂಡು ಎಂದುಕೊಂಡಿರಿ. ವರ್ಗದ ಬದಲು ಎರಡು ತುದಿಗಳ ಗುಣಲಬ್ಧ 0.01667 × 0.0100 ಹಾಕಿ, ಸರಿಯಾಗಿ 8 ಬರುತ್ತದೆ. ಸೆಕೆಂಡ್ ಆರ್ಡರ್‌ಗೆ, ಎರಡೂ ಸಮ ಇದ್ದಾಗ, ಇದು ಅಂದಾಜಲ್ಲ, ನಿಖರ.

ಅರ್ಧಾಯುಷ್ಯ: ಶುದ್ಧ ಮಿಶ್ರಣದಲ್ಲಿ 0.05ರಿಂದ 0.025ಕ್ಕೆ 2.5 ನಿಮಿಷ, ಅಲ್ಲಿಂದ 0.0125ಕ್ಕೆ 5, ಆಮೇಲೆ 10. ಪ್ರತಿ ಸಲ ಎರಡರಷ್ಟು, ಆದ್ದರಿಂದ ಆರ್ಡರ್ 2. ಎಸ್ಟರ್ 0.045 ಇದ್ದ ಈ ಮಿಶ್ರಣದಲ್ಲಿ ಅದೇ ಹೆಜ್ಜೆಗಳಿಗೆ 2.9, 7.2, 27.5 ನಿಮಿಷ ಬೇಕು. ಮೊದಲ ಜೋಡಿಯಿಂದ ಆರ್ಡರ್ 2.3, ಎರಡನೆಯದರಿಂದ 2.9. ಹತ್ತು ಶೇಕಡ ಎಸ್ಟರ್ ಕಡಿಮೆಯಾದದ್ದಕ್ಕೆ ಥರ್ಡ್ ಆರ್ಡರ್ ಕ್ರಿಯೆಯನ್ನು ಕಂಡುಹಿಡಿದ ಹಾಗಾಗುತ್ತದೆ!

ಆರ್ಡರನ್ನೇ ಪರೀಕ್ಷಿಸಬೇಕಿದ್ದರೆ ಎಸ್ಟರ್ ಹತ್ತು ಪಟ್ಟು ಹಾಕಿ ಕಾಸ್ಟಿಕ್ ಮಾತ್ರ ಬದಲಾಗುವ ಹಾಗೆ ಮಾಡಿ. ಆದರೆ ಆಗ ಕ್ರಿಯೆ ಪೈಪೆಟ್‌ನ ಕೈಗೆ ಸಿಗದಷ್ಟು ವೇಗವಾಗುತ್ತದೆ. ಎರಡನ್ನೂ ತೆಳು ಮಾಡಿಕೊಳ್ಳಬೇಕು.

#14 · ಲ್ಯಾಬ್_ಮೇಷ್ಟ್ರು

ಪೈಪೆಟ್ ಎಂದಿರಲ್ಲ, ಸಮಯದ ವಿಷಯ ಯಾರೂ ಎತ್ತಲಿಲ್ಲ. 10 ಮಿ.ಲೀ. ಪೈಪೆಟ್ ಬರಿದಾಗಲು ಸುಮಾರು 20 ಸೆಕೆಂಡ್ ಬೇಕು. 2ನೇ ನಿಮಿಷದ ಹೊತ್ತಿಗೆ ಕ್ರಿಯೆ ನಿಮಿಷಕ್ಕೆ 0.006 ಮೋಲಾರ್ ವೇಗದಲ್ಲಿ ಓಡುತ್ತಿರುತ್ತದೆ, 20 ಸೆಕೆಂಡಿನಲ್ಲಿ 0.002, ಅಂದರೆ ಇದ್ದದ್ದರಲ್ಲಿ 7 ಶೇಕಡ. ಪೈಪೆಟ್‌ನೊಳಗೆ ಇರುವಾಗಲೂ ಕ್ರಿಯೆ ನಿಂತಿರುವುದಿಲ್ಲ, ಆಸಿಡ್ ಮುಟ್ಟಿದ ಮೇಲೆ ಮಾತ್ರ ನಿಲ್ಲುತ್ತದೆ. ಆದ್ದರಿಂದ ಸ್ಯಾಂಪಲ್ ಹೀರಿದ ಹೊತ್ತನ್ನಲ್ಲ, ಪೈಪೆಟ್ ಅರ್ಧ ಖಾಲಿಯಾದ ಹೊತ್ತನ್ನು ಬರೆದುಕೊಳ್ಳಿ. ಆಸಿಡ್ ಫ್ಲಾಸ್ಕ್ ಮೊದಲೇ ಸಿದ್ಧವಿರಲಿ, ಬಿಡುತ್ತಿರುವಾಗ ಕೈಯಲ್ಲಿ ತಿರುಗಿಸುತ್ತಿರಿ.

ಆಸಿಡ್‌ನಲ್ಲಿ ಉಳಿದ ಎಸ್ಟರ್ ಒಡೆಯುವುದಿಲ್ಲವೇ ಎಂದು ಪ್ರತಿ ವರ್ಷ ಪ್ರಶ್ನೆ ಬರುತ್ತದೆ. ಒಡೆಯುತ್ತದೆ, ಆದರೆ ಕಾಸ್ಟಿಕ್‌ಗಿಂತ ಸುಮಾರು ಸಾವಿರ ಪಟ್ಟು ನಿಧಾನ. ಹತ್ತು ನಿಮಿಷದೊಳಗೆ ಟೈಟ್ರೇಟ್ ಮಾಡಿದರೆ ಲೆಕ್ಕಕ್ಕಿಲ್ಲ.

ಬಣ್ಣದ ವಿಷಯ ಹಾಗಲ್ಲ. ಟೈಟ್ರೇಶನ್ ಕೊನೆಗೆ ಒಂದು ಹನಿ ಕಾಸ್ಟಿಕ್ ಹೆಚ್ಚಾಗಿ ಗುಲಾಬಿ ಬರುತ್ತದೆ, ಆದರೆ ಫ್ಲಾಸ್ಕಿನಲ್ಲಿ ಉಳಿದ ಎಸ್ಟರ್ ಆ ಹನಿಯನ್ನು ತಿನ್ನುತ್ತದೆ, ಬಣ್ಣ ಮಾಯ. ಮತ್ತೆ ಹನಿ, ಮತ್ತೆ ಮಾಯ. ಬಣ್ಣ ನಿಲ್ಲುವವರೆಗೆ ಹಾಕುತ್ತಾ ಹೋದರೆ ರೀಡಿಂಗ್ ಹೆಚ್ಚಾಗುತ್ತದೆ, ಅದರಲ್ಲೂ ಎಸ್ಟರ್ ಜಾಸ್ತಿ ಇರುವ ಮೊದಲ ಸ್ಯಾಂಪಲ್‌ಗಳಲ್ಲಿ. ಇಡೀ ಫ್ಲಾಸ್ಕ್ ಮೊದಲ ಸಲ ತಿಳಿ ಗುಲಾಬಿಯಾಗಿ ಅರ್ಧ ನಿಮಿಷ ನಿಂತರೆ ಅಲ್ಲಿಗೆ ಮುಗಿಯಿತು. ಗಾಢ ಗುಲಾಬಿ ಬಂದರೆ ಆ ಸ್ಯಾಂಪಲ್ ಬಿಸಾಡಿ.

#15 · ಹರಿವು_ನಿಂತಿಲ್ಲ

ಇದೇ ಕೆ ಹಿಡಿದು ಸಿಎಸ್‌ಟಿಆರ್ (ದ್ರವ ಸದಾ ಒಳಬಂದು ಹೊರಹೋಗುವ, ಕಲಕುತ್ತಿರುವ ಟ್ಯಾಂಕ್) ಲೆಕ್ಕಕ್ಕೆ ಹೋಗುವವರು ಎಡವುವ ಜಾಗ ಹೇಳಿಬಿಡುತ್ತೇನೆ. ಟ್ಯಾಂಕ್ 1 ಲೀಟರ್, ಎರಡು ಫೀಡ್ ತಲಾ ನಿಮಿಷಕ್ಕೆ 50 ಮಿ.ಲೀ., ಎರಡೂ 0.1 ಮೋಲಾರ್. ಒಟ್ಟು ಹರಿವು 100, ಟೌ (ದ್ರವ ಟ್ಯಾಂಕಿನಲ್ಲಿ ಸರಾಸರಿ ಉಳಿಯುವ ಹೊತ್ತು) 10 ನಿಮಿಷ. ಒಳಹೋಗುವ ಸಾಂದ್ರತೆ ಎಷ್ಟು? 0.1 ಅಲ್ಲ, ಒಂದನ್ನೊಂದು ತೆಳು ಮಾಡಿ 0.05. ಸ್ಥಿರ ಸ್ಥಿತಿಯಲ್ಲಿ

ಟೌ = (ಎ₀ − ಎ) / (ಕೆ × ಎ²)

ಕೆ 8 ಎಂದಾದರೆ ಪರಿವರ್ತನೆ (ಕ್ರಿಯೆಯಲ್ಲಿ ತೀರಿದ ಪಾಲು) 0.61, ಹೊರಬರುವ ಎ 0.0195. ಅಳೆದ 0.0195ರಿಂದ ಹಿಂದಕ್ಕೆ ಕೆ ತೆಗೆಯುವಾಗ ಎ₀ ಜಾಗದಲ್ಲಿ 0.1 ಹಾಕಿದರೆ ಕೆ 21 ಬರುತ್ತದೆ! ಬ್ಯಾಚ್‌ನಲ್ಲಿ 8, ಸಿಎಸ್‌ಟಿಆರ್‌ನಲ್ಲಿ 21 ಬಂದರೆ ರಿಯಾಕ್ಟರ್ ಬದಲಾದದ್ದಕ್ಕೆ ಕೆ ಬದಲಾಯಿತು ಎಂದು ಬರೆಯಬೇಡಿ. ಕೆ ರಿಯಾಕ್ಟರ್ ನೋಡುವುದಿಲ್ಲ, ಉಷ್ಣತೆ ನೋಡುತ್ತದೆ.

ಅದೇ 10 ನಿಮಿಷಕ್ಕೆ ಪ್ಲಗ್ ಫ್ಲೋ (ದ್ರವವೆಲ್ಲ ಒಂದೇ ವೇಗದಲ್ಲಿ ಸಾಗುವ ಕೊಳವೆ) ಆದರೆ ಪರಿವರ್ತನೆ 0.80, ಬ್ಯಾಚ್‌ನಷ್ಟೇ. ಆದರೆ 6 ಮಿ.ಮೀ. ಒಳವ್ಯಾಸದ ಕೊಳವೆಯಲ್ಲಿ ನಿಮಿಷಕ್ಕೆ 100 ಮಿ.ಲೀ. ಬಿಟ್ಟರೆ ರೆನಾಲ್ಡ್ಸ್ ಸಂಖ್ಯೆ 400ರ ಆಸುಪಾಸು, ಪೂರ್ತಿ ಲ್ಯಾಮಿನಾರ್ (ಸುಳಿಯಿಲ್ಲದೆ ಪದರ ಪದರವಾಗಿ ಹರಿಯುವುದು). ನಡುವಿನ ದ್ರವ ಬೇಗ ದಾಟಿಹೋಗುತ್ತದೆ. ಅಡ್ಡಲಾಗಿ ಬೆರೆಯುವುದೇ ಇಲ್ಲ ಎಂದುಕೊಂಡರೆ ಪರಿವರ್ತನೆ 0.756ಕ್ಕೆ ಇಳಿಯುತ್ತದೆ. ಕೊಳವೆಯನ್ನು ಸುರುಳಿ ಸುತ್ತಿದ್ದರೆ ಅಡ್ಡ ಸುಳಿಗಳು ಬೆರೆಸುವುದರಿಂದ 0.756ಕ್ಕೂ 0.80ಕ್ಕೂ ನಡುವೆ ಎಲ್ಲೋ ಬರುತ್ತದೆ.

ಸಿಎಸ್‌ಟಿಆರ್‌ನಲ್ಲಿ ಕೆ ತಪ್ಪಿಗೆ ಬಹಳ ಬೇಗ ಬಗ್ಗುತ್ತದೆ. ಈ ಸ್ಥಿತಿಯಲ್ಲಿ ಎ ಅಳತೆ 5 ಶೇಕಡ ತಪ್ಪಿದರೆ ಕೆ 13 ಶೇಕಡ ತಪ್ಪುತ್ತದೆ. ಸ್ಥಿರ ಸ್ಥಿತಿಗೆ ಕನಿಷ್ಠ ನಾಲ್ಕು ಟೌ, ಇಲ್ಲಿ 40 ನಿಮಿಷ, ಕಾಯಿರಿ. ರೋಟಾಮೀಟರ್ ಮುಖ ನೋಡಿ ನಂಬಬೇಡಿ, ಸಿಲಿಂಡರ್ ಮತ್ತು ಸ್ಟಾಪ್‌ವಾಚ್ ಹಿಡಿದು ಎರಡೂ ಹರಿವನ್ನು ಅಳೆಯಿರಿ. 55 ಮತ್ತು 45 ಆಗಿದ್ದರೆ ಮತ್ತೆ ಅದೇ ಅಸಮ ಸಾಂದ್ರತೆಯ ಕಥೆ, ಛೇದದಲ್ಲಿ ಎ² ಬದಲು ಎ × ಬಿ.

#16 · ಅಯಾನು_ಅಯ್ಯ

ಟೈಟ್ರೇಶನ್ ಬಿಟ್ಟು ಕಂಡಕ್ಟಿವಿಟಿ ಮೀಟರ್ ಹಾಕಿದರೆ ಪೈಪೆಟ್, ಬಣ್ಣ ಎರಡೂ ತಲೆನೋವು ತಪ್ಪುತ್ತದೆ. 25 ಡಿಗ್ರಿಯಲ್ಲಿ ಹೈಡ್ರಾಕ್ಸೈಡ್ ಅಯಾನಿನ ಮೋಲಾರ್ ವಾಹಕತೆ 198, ಅಸಿಟೇಟ್‌ನದು 41. ಒಂದು ಹೋಗಿ ಇನ್ನೊಂದು ಬರುತ್ತಿದ್ದ ಹಾಗೆ ಮೀಟರ್ ಇಳಿಯುತ್ತದೆ. 0.05 ಮೋಲಾರ್‌ಗೆ ಸೆಂ.ಮೀ.ಗೆ ಸುಮಾರು 11 ಮಿಲಿಸೀಮನ್ಸ್‌ನಿಂದ ಹೊರಟು 4ರ ಹತ್ತಿರಕ್ಕೆ ಬರುತ್ತದೆ.

ಪರಿವರ್ತನೆ = (ಆರಂಭದ ವಾಹಕತೆ − ಈಗಿನದು) / (ಆರಂಭದ್ದು − ಕೊನೆಯದು). ಆರಂಭದ್ದನ್ನು ಮಿಶ್ರಣದಲ್ಲಿ ಅಳೆಯಲಾಗದು, ಅಷ್ಟರಲ್ಲಿ ಕ್ರಿಯೆ ಓಡಿರುತ್ತದೆ. ಕಾಸ್ಟಿಕ್‌ಗೆ ಸಮ ಅಳತೆ ನೀರು ಬೆರೆಸಿ ಅಳೆಯಿರಿ. ಕೊನೆಯದಕ್ಕೆ 0.05 ಮೋಲಾರ್ ಸೋಡಿಯಂ ಅಸಿಟೇಟ್ ದ್ರಾವಣ. ಅದೂ ಬೇಡವೆಂದರೆ ಈಗಿನ ವಾಹಕತೆಯನ್ನು (ಆರಂಭದ್ದು − ಈಗಿನದು)/ಟಿ ಎದುರು ಎಳೆಯಿರಿ, ಸ್ಲೋಪ್ 1/(ಕೆ×ಎ₀), ಕೊನೆಯ ವಾಹಕತೆ ಇಂಟರ್ಸೆಪ್ಟ್‌ನಲ್ಲಿ ತಾನಾಗಿ ಸಿಗುತ್ತದೆ. ಆದರೆ ಇದೂ ಎರಡೂ ಸಮ ಇದ್ದಾಗಲೇ.

ವಾಹಕತೆ ಡಿಗ್ರಿಗೆ 2 ಶೇಕಡದಷ್ಟು ಏರುತ್ತದೆ. ವಾಟರ್ ಬಾತ್ ಇಲ್ಲದೆ ಈ ವಿಧಾನ ಹಿಡಿಯಬೇಡಿ.

#17 · ಲ್ಯಾಬ್_ಮೇಷ್ಟ್ರು

ಉಷ್ಣತೆಯ ವಿಷಯ ಟೈಟ್ರೇಶನ್‌ಗೂ ಅಷ್ಟೇ. ಆಕ್ಟಿವೇಶನ್ ಎನರ್ಜಿ (ಉಷ್ಣತೆ ಏರಿದರೆ ಕೆ ಎಷ್ಟು ಏರುತ್ತದೆ ಎಂದು ನಿರ್ಧರಿಸುವ ಬೆಲೆ) ಮೋಲ್‌ಗೆ 47 ಕಿಲೋಜೂಲ್‌ನ ಹತ್ತಿರ. ಅದರ ಪ್ರಕಾರ ಕೆ ಬೆಲೆ 25 ಡಿಗ್ರಿಗೆ 6.6, 28ಕ್ಕೆ 8, 36ಕ್ಕೆ 13. ಬೆಂಗಳೂರಿನ ತಂಪು ಬೆಳಗ್ಗೆ 24 ಡಿಗ್ರಿಯಲ್ಲಿ ಮಾಡಿದವರಿಗೂ ಕಲಬುರಗಿಯ ಏಪ್ರಿಲ್ ಮಧ್ಯಾಹ್ನ 36ರಲ್ಲಿ ಮಾಡಿದವರಿಗೂ ಉತ್ತರದಲ್ಲಿ ಎರಡರಷ್ಟು ಅಂತರ, ಇಬ್ಬರದೂ ಸರಿ! ರೆಕಾರ್ಡ್‌ನಲ್ಲಿ ರೂಮ್ ಟೆಂಪರೇಚರ್ ಎಂದು ಬರೆದರೆ ಆ ಕೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಎರಡೂ ದ್ರಾವಣ ಬೆರೆಸುವ ಮೊದಲು ಒಂದೇ ಬಾತ್‌ನಲ್ಲಿ ಒಂದೇ ಉಷ್ಣತೆಗೆ ಬಂದಿರಬೇಕು.

ಆಕ್ಟಿವೇಶನ್ ಎನರ್ಜಿಗೆ 28 ಮತ್ತು 38 ಎರಡೇ ಉಷ್ಣತೆ ಹಿಡಿಯುವುದು ರೂಢಿ. ಕೆ 8.0ರಿಂದ 14.6ಕ್ಕೆ ಏರಿದರೆ 47 ಬರುತ್ತದೆ. ಆದರೆ ಒಂದು ಕೆ 10 ಶೇಕಡ ತಪ್ಪಿದರೂ ಉತ್ತರ 7 ಕಿಲೋಜೂಲ್ ಆಚೀಚೆ. 20ರಿಂದ 45ರವರೆಗೆ ನಾಲ್ಕು ಉಷ್ಣತೆ ಮಾಡಿ. 45ಕ್ಕೆ ಕ್ರಿಯೆ 28ರದ್ದರ ಸುಮಾರು ಮೂರು ಪಟ್ಟು ಓಡುವುದರಿಂದ ಅಲ್ಲಿ ಎರಡೂ ದ್ರಾವಣ ತೆಳು ಮಾಡಿಕೊಳ್ಳಿ.

#18 · ಅರೆಬೆಂದ_ಎಸ್ಟರ್

ಎಸ್ಟರ್ ತೂಗಿ ಹೊಸದಾಗಿ ಮಾಡಿದ್ದು, 8.81 ಗ್ರಾಂ. ಬಾತ್ 28 ಡಿಗ್ರಿ. ಸಮಯ ಪೈಪೆಟ್ ಅರ್ಧ ಖಾಲಿಯಾದಾಗಿನದು. ರೀಡಿಂಗ್ ಅದೇ ಕ್ರಮದಲ್ಲಿ 8.9, 13.4, 16.0, 17.1, 17.8, 18.4. ರಾತ್ರಿ ಇಟ್ಟದ್ದು 19.9.

1/ಎ: 36.0, 60.6, 100, 137.9, 181.8, 250. ಆರೂ ಬಿಂದುಗಳಿಗೆ ಸ್ಲೋಪ್ 7.7, ಇಂಟರ್ಸೆಪ್ಟ್ 22.5. ಕೊನೆಯದು ಬಿಟ್ಟರೆ 8.0 ಮತ್ತು 19.8. ಕೊನೆಯ ಬಿಂದುವನ್ನು ಬಿಟ್ಟುಬಿಡುವುದು ಮೋಸವಾಗುವುದಿಲ್ಲವೇ?

#19 · ಇಂಟರ್ಸೆಪ್ಟ್_ನೋಡಿ

ಇಂಟರ್ಸೆಪ್ಟ್ 19.8 ನೋಡಿ ಸಮಾಧಾನವಾಯಿತು. ಬಿಂದುವನ್ನು ಹೇಳದೆ ಬಿಟ್ಟರೆ ಮೋಸ. ಗ್ರಾಫ್‌ನಲ್ಲಿ ಅದನ್ನೂ ಹಾಕಿ, ಅದರ ಮೇಲೆ ತಪ್ಪಿನ ಪಟ್ಟಿ ಎಳೆಯಿರಿ. ಆ ಹೊತ್ತಿಗೆ ಎ 0.0040, ಬ್ಯೂರೆಟ್‌ನ 0.1 ಮಿ.ಲೀ.ಗೆ 0.00025 ಆಚೀಚೆ. 1/ಎ 235ರಿಂದ 267ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಐದು ಬಿಂದುಗಳ ಗೆರೆ 30 ನಿಮಿಷಕ್ಕೆ ಹೇಳುವುದು 260. ಪಟ್ಟಿಯೊಳಗೇ ಇದೆ.

#20 · ಸಾಲ್ವರ್_ಸುಬ್ಬಿ

ತೂಕ ಹಾಕಿ ಗೆರೆ ಎಳೆದರೆ ಬಿಡುವ ಪ್ರಶ್ನೆಯೇ ಬರುವುದಿಲ್ಲ. ಎಯ ನಾಲ್ಕನೇ ಘಾತದ ಲೆಕ್ಕದಲ್ಲಿ ಆ ಬಿಂದುವಿನ ತೂಕ ಮೊದಲ ಬಿಂದುವಿನ ಎರಡು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಮುಂದಿನ ಸಲ 30ನೇ ನಿಮಿಷದ ಬದಲು 1 ಮತ್ತು 3ನೇ ನಿಮಿಷದಲ್ಲಿ ಸ್ಯಾಂಪಲ್ ತೆಗೆಯಿರಿ.